ಟ್ರಾಮ್ ಹೋಯಿತು, ದಾರಿಯೂ ಹೋಯಿತು

ಗೋವಿನಕೋವಿಯಿಂದ ಹೊನ್ನಾಳಿಗೋ ಶಿವಮೊಗ್ಗಕ್ಕೋ ಓದಲು ಹೋಗುವ ವಿದ್ಯಾರ್ಥಿ ಮಿತ್ರರೇ, ಬಸ್ಸಿನ ನೂಕುನುಗ್ಗಲು ನಿಮಗೆ ಹೊಸದಲ್ಲ. ಆದರೆ ಬೀದಿಯಲ್ಲೇ ಹಳಿ ಹಾಸಿ ಓಡಿಸುತ್ತಿದ್ದ ಟ್ರಾಮನ್ನು ನಿಮ್ಮಲ್ಲಿ ಹೆಚ್ಚಿನವರು ಕಂಡಿರಲಾರಿರಿ. ನಗರಗಳು ಅದನ್ನು ಉಳಿಸಿಕೊಂಡಿದ್ದರೆ, ಇಂದು ‘ಲೈಟ್ ರೈಲ್’ ಎನ್ನುವ ಹಗುರ ರೈಲಿಗೆ ಅದೇ ಬುನಾದಿಯಾಗುತ್ತಿತ್ತೇ?

ಬಳ್ಳಾರಿ, ಮಂಗಳೂರುಗಳು ಮದ್ರಾಸು ಆಡಳಿತಕ್ಕೆ ಸೇರಿದ್ದಾಗ ರಾಜಧಾನಿಗೆ ಹೋದ ಕನ್ನಡಿಗರು ಟ್ರಾಮ್ ಏರಿದವರೇ. ಭಾರತದ ಮೊದಲ ವಿದ್ಯುತ್ ಟ್ರಾಮ್ 1895ರಲ್ಲಿ ಅಲ್ಲಿಯೇ ಓಡಿತು, 1953ರಲ್ಲಿ ನಿಂತಿತು. ಉದ್ಯೋಗ ಅರಸಿ ನಮ್ಮವರು ಸೇರಿದ ಮುಂಬಯಿಯಲ್ಲಿ 1874ರಲ್ಲಿ ಕುದುರೆ ಟ್ರಾಮ್, 1907ರಲ್ಲಿ ವಿದ್ಯುತ್ ಟ್ರಾಮ್ ಬಂದವು. ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಬೆಂಗಳೂರಿಗೆ 1905ರಲ್ಲೇ ಶಿವನಸಮುದ್ರದ ವಿದ್ಯುತ್ತು ಬಂದರೂ ಟ್ರಾಮ್ ಬರಲಿಲ್ಲ.

ಟ್ರಾಮನ್ನು ಕೈಬಿಟ್ಟವರು ದಡ್ಡರಾಗಿರಲಿಲ್ಲ. ಹಳಿಗಳು ರಸ್ತೆಯ ನಡುವೆ, ಮೋಟಾರುಗಳ ಸಂದಣಿಯಲ್ಲೇ ಇದ್ದವು. ಎದುರಿಗೊಂದು ಲಾರಿ ಕೆಟ್ಟು ನಿಂತರೆ ಟ್ರಾಮ್ ಪಕ್ಕಕ್ಕೆ ಸರಿಯಲಾರದು. ಅದರ ಹಿಂದಿನವೂ ನಿಲ್ಲಬೇಕು. ಬಸ್ಸಿಗೆ ಈ ತೊಡಕಿಲ್ಲ, ಹಳಿ–ತಂತಿಗಳ ಖರ್ಚೂ ಇಲ್ಲ.

ಆದರೆ ವಿಜ್ಞಾನ ಬೇರೊಂದನ್ನೂ ಹೇಳುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ, ಡಾಂಬರಿನ ಮೇಲೆ ರಬ್ಬರ್ ಟಯರು ಉರುಳುವಾಗಿನದಕ್ಕಿಂತ ತಡೆ ಬಹಳ ಕಡಿಮೆ. ಬೋಗಿಗೆ ಬೋಗಿ ಜೋಡಿಸಿದರೆ ಒಬ್ಬನೇ ಚಾಲಕ ಹಲವು ಬಸ್ಸುಗಳ ಜನರನ್ನು ಒಯ್ಯಬಲ್ಲ. ಇದನ್ನರಿತೇ ಫ್ರಾನ್ಸಿನ ನಾಂಟ್ 1985ರಲ್ಲಿ, ಪ್ಯಾರಿಸ್ ಪ್ರದೇಶ 1992ರಲ್ಲಿ ಟ್ರಾಮನ್ನು ಮರಳಿ ತಂದವು. ಈ ಬಾರಿ ಅದಕ್ಕೆ ಬಹುಪಾಲು ಪ್ರತ್ಯೇಕ ದಾರಿಯನ್ನೇ ಬಿಟ್ಟುಕೊಟ್ಟರು.

ಹಾಗಾದರೆ ಉಳಿಸಿಕೊಂಡವರು ಗೆದ್ದರೇ? ಕೋಲ್ಕತ್ತಾವನ್ನು ನೋಡಿ. ಅಲ್ಲಿ ಟ್ರಾಮ್ ಉಳಿಯಿತು, ಆದರೆ ಅದಕ್ಕೆಂದೇ ಮೀಸಲಾಗಿದ್ದ ಪಟ್ಟಿಯನ್ನು ಅನೇಕ ಕಡೆ ಇತರ ವಾಹನಗಳಿಗೂ ತೆರೆದರು. ಟ್ರಾಮ್ ಸಂದಣಿಯಲ್ಲಿ ಸಿಕ್ಕಿಕೊಂಡಿತು. ಎಸ್‌ಪ್ಲನೇಡ್–ಮೈದಾನ ಮಾರ್ಗವೊಂದನ್ನು ಮಾತ್ರ ಪರಂಪರೆಯ ನೆನಪಿಗೆ ಉಳಿಸುವುದಾಗಿ 2024ರಲ್ಲಿ ಸರ್ಕಾರ ಹೇಳಿತು.

ಆದ್ದರಿಂದ ನನ್ನ ಉತ್ತರವಿಷ್ಟು: ಹಳೆಯ ಬೋಗಿಗಳು ಹೋದದ್ದು ದೊಡ್ಡ ನಷ್ಟವಲ್ಲ, ಸಾರ್ವಜನಿಕ ಸಾರಿಗೆಗೆ ಮೀಸಲಿಡಬಹುದಾಗಿದ್ದ ದಾರಿ ಹೋದದ್ದೇ ನಷ್ಟ. ಬೀದಿಯಲ್ಲಿ ಜಾಗವಿಲ್ಲದೆ 2011ರಲ್ಲಿ ಬೆಂಗಳೂರಿನ, 2015ರಲ್ಲಿ ಚೆನ್ನೈನ ಮೆಟ್ರೋಗಳು ಅಪಾರ ವೆಚ್ಚದಲ್ಲಿ ಕಂಬಗಳನ್ನೇರಿ ಬಂದವು. ಮುಂದೆ ಸುರಂಗಗಳನ್ನೂ ಹೊಕ್ಕವು.

ದಾವಣಗೆರೆ, ಶಿವಮೊಗ್ಗಗಳು ಇನ್ನೂ ಬೆಳೆಯುತ್ತಿವೆ. ಅಲ್ಲಿ ರಸ್ತೆಯೊಂದು ಅಗಲವಾಗುವಾಗ ನೀವು ಒಂದು ಪ್ರಶ್ನೆ ಕೇಳಿ: ಹೆಚ್ಚಿದ ಆ ಜಾಗ ಯಾರಿಗೆ? ನಿಂತ ಕಾರಿಗೋ, ನಾಲ್ಕು ಜನರೊಂದಿಗೆ ನೀವೂ ಏರುವ ಬಸ್ಸಿಗೋ?