ಸಂಧಾನದ ದಾರಿ, ಸಂಸ್ಥೆಯ ಮಿತಿ: ವ್ಲಾದಿಮಿರ್ ಲುಕಿನ್ ಅವರ ಸಾರ್ವಜನಿಕ ಬದುಕು

ವ್ಲಾದಿಮಿರ್ ಲುಕಿನ್ 2004ರಿಂದ 2014ರವರೆಗೆ ರಷ್ಯಾದ ಮಾನವ ಹಕ್ಕುಗಳ ಆಯುಕ್ತರಾಗಿದ್ದರು. ಆ ಹುದ್ದೆಯಲ್ಲೂ ಅವರು ರಾಯಭಾರಿಯಾಗಿಯೇ ನಡೆದುಕೊಂಡರು, ಪ್ರಭುತ್ವಕ್ಕೂ ಪ್ರಜೆಗೂ ನಡುವೆ ಸಂಧಾನಕಾರನಾಗಿ ನಿಂತರು ಎಂಬುದು ಈ ಲೇಖನದ ವಾದ. ಅದರಿಂದ ಕೆಲವರಿಗೆ ನೆರವು ಸಿಕ್ಕಿತು. ಆದರೆ ಹುದ್ದೆಗೆ ತನ್ನದೇ ಆದ ಬಲ ಕೂಡಿಬರಲಿಲ್ಲ. ಈ ಮನೋಧರ್ಮದ ಬೇರುಗಳು ಹಳೆಯವು. 1937ರಲ್ಲಿ ಓಮ್ಸ್ಕ್‌ನಲ್ಲಿ ಹುಟ್ಟಿದ ಲುಕಿನ್, ಅರವತ್ತರ ದಶಕದಲ್ಲಿ ಪ್ರಾಗ್‌ನ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಪತ್ರಿಕೆಯೊಂದರಲ್ಲಿ ದುಡಿದರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಆ ನಗರಕ್ಕೆ ನುಗ್ಗಿದ್ದನ್ನು ಒಪ್ಪದ ಕಾರಣಕ್ಕೆ ಅವರನ್ನು ಮಾಸ್ಕೋಗೆ ವಾಪಸು ಕರೆಸಲಾಯಿತು. ಆದರೂ ಅವರು ಬಂಡಾಯದ ಹಾದಿ ಹಿಡಿಯಲಿಲ್ಲ. ಅಮೆರಿಕ ಮತ್ತು ಕೆನಡಾ ಅಧ್ಯಯನ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ವಿದ್ವಾಂಸರಾಗಿ ಕಳೆದರು. ಭಿನ್ನಮತವನ್ನು ಬಿಟ್ಟುಕೊಡದೆ ವ್ಯವಸ್ಥೆಯೊಳಗೇ ಉಳಿಯುವ ಈ ಪಾಠ ಮುಂದೆ 1992ರಲ್ಲಿ ವಾಷಿಂಗ್ಟನ್‌ನಲ್ಲಿ ರಷ್ಯಾದ ರಾಯಭಾರಿಯಾದಾಗಲೂ, 1993ರಲ್ಲಿ ಯಾವ್ಲಿನ್‌ಸ್ಕಿ ಮತ್ತು ಬೋಲ್ದಿರೆವ್ ಜೊತೆ ‘ಯಾಬ್ಲೊಕೊ’ ಎಂಬ ರಾಜಕೀಯ ಬಣ ಕಟ್ಟಿದಾಗಲೂ ಅವರ ಕೈಬಿಡಲಿಲ್ಲ.

ಇಂಥ ಆಯುಕ್ತ ಪ್ರಭುತ್ವಕ್ಕೆ ಬರೀ ಅಲಂಕಾರವಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮೊದಲ ಆಯುಕ್ತ ಸೆರ್ಗೆಯ್ ಕೊವಾಲ್ಯೊವ್ ಗ್ರೋಜ್ನಿಯ ಮೇಲೆ ಬಾಂಬು ಬೀಳುತ್ತಿದ್ದಾಗ ಅಲ್ಲಿಯೇ ಇದ್ದು, ಚೆಚೆನ್ಯಾ ಯುದ್ಧವನ್ನು ನೇರವಾಗಿ ಖಂಡಿಸಿದರು. ನೈತಿಕವಾಗಿ ಅವರ ಎತ್ತರ ಹೆಚ್ಚಿನದೆಂದು ಒಪ್ಪಲು ನನಗೆ ಹಿಂಜರಿಕೆಯಿಲ್ಲ. ಆದರೆ 1995ರ ಮಾರ್ಚ್‌ನಲ್ಲಿ ಸಂಸತ್ತಿನ ಕೆಳಮನೆಯಾದ ಡೂಮಾ ಕೊವಾಲ್ಯೊವ್ ಅವರನ್ನೇ ಹುದ್ದೆಯಿಂದ ಕಿತ್ತುಹಾಕಿತು. ಹುದ್ದೆಗೆ ಕಾನೂನಿನ ಚೌಕಟ್ಟು ದೊರೆತದ್ದು 1997ರಲ್ಲಿ. ಆ ಕಾನೂನೂ ಆಯುಕ್ತರಿಗೆ ದೂರು ವಿಚಾರಿಸುವ, ಶಿಫಾರಸು ಮಾಡುವ, ನ್ಯಾಯಾಲಯದ ಮೆಟ್ಟಿಲೇರುವ ಅಧಿಕಾರ ಕೊಟ್ಟಿತೇ ಹೊರತು ಆಜ್ಞೆ ಹೊರಡಿಸುವ ಅಧಿಕಾರವನ್ನಲ್ಲ. ಇದ್ದ ಅಸ್ತ್ರವನ್ನು ಲುಕಿನ್ ಬಳಸದೆ ಬಿಡಲಿಲ್ಲ. ಹೊರದೇಶದ ಹಣ ಪಡೆದು ‘ರಾಜಕೀಯ ಚಟುವಟಿಕೆ’ ನಡೆಸುವ ಸ್ವಯಂಸೇವಾ ಸಂಸ್ಥೆಗಳು ‘ವಿದೇಶಿ ಏಜೆಂಟ್’ ಎಂದು ನೋಂದಾಯಿಸಿಕೊಳ್ಳಬೇಕೆಂಬ 2012ರ ಕಾನೂನನ್ನು ಅವರು ಮರುವರ್ಷವೇ ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅಲಂಕಾರಕ್ಕಿಟ್ಟ ಗೊಂಬೆ ಈ ಕೆಲಸ ಮಾಡುವುದಿಲ್ಲ.

ಆದರೂ 2014ರ ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ನನ್ನ ವಾದದ ಕಹಿಭಾಗ ಎದುರಾಗುತ್ತದೆ. ಫೆಬ್ರವರಿಯಲ್ಲಿ, ಇನ್ನೂ ಆಯುಕ್ತರಾಗಿರುವಾಗಲೇ, ಲುಕಿನ್ ಅವರನ್ನು ರಷ್ಯಾದ ಅಧ್ಯಕ್ಷ ಪುಟಿನ್ ಉಕ್ರೇನಿನ ರಾಜಧಾನಿ ಕೀವ್‌ಗೆ ಸಂಧಾನಕ್ಕೆ ಕಳಿಸಿದರು. ಉಕ್ರೇನಿನ ಆಗಿನ ಅಧ್ಯಕ್ಷ ಯಾನುಕೋವಿಚ್ ಮತ್ತು ಅಲ್ಲಿನ ವಿರೋಧ ಪಕ್ಷಗಳ ಒಪ್ಪಂದಕ್ಕೆ ಐರೋಪ್ಯ ಪ್ರತಿನಿಧಿಗಳು ಸಾಕ್ಷಿಯಾಗಿ ರುಜು ಹಾಕಿದರು, ಲುಕಿನ್ ಹಾಕಲಿಲ್ಲ. ಪುಟಿನ್ ಅವರ ದೂತನಾಗಿ ಹೋದವರ ಈ ನಿರಾಕರಣೆಯನ್ನು ಅವರ ಆತ್ಮಸಾಕ್ಷಿಯ ಲೆಕ್ಕಕ್ಕೆ ಬರೆಯುವುದು ಸರಿಯಾಗದು. ಮಾರ್ಚ್‌ನಲ್ಲಿ ಆಯುಕ್ತ ಸ್ಥಾನ ಎಲ್ಲಾ ಪಂಫಿಲೊವಾ ಅವರಿಗೆ ಹೋಯಿತು. ಏಪ್ರಿಲ್ 8ರಂದು ಸಂವಿಧಾನ ನ್ಯಾಯಾಲಯ ‘ವಿದೇಶಿ ಏಜೆಂಟ್’ ಕಾನೂನನ್ನು ಎತ್ತಿಹಿಡಿಯಿತು. ಮೇ 3ರಂದು, ಪೂರ್ವ ಉಕ್ರೇನಿನ ಸ್ಲೊವ್ಯಾನ್ಸ್ಕ್‌ನಲ್ಲಿ ಬಂಡುಕೋರರು ಒತ್ತೆಯಿಟ್ಟುಕೊಂಡಿದ್ದ ವಿದೇಶಿ ಸೇನಾ ವೀಕ್ಷಕರು ಲುಕಿನ್ ಅವರ ಮಧ್ಯಸ್ಥಿಕೆಯಿಂದ ಬಿಡುಗಡೆಯಾದರು. ಆಯುಕ್ತರಾಗಿ, ಕಾನೂನಿನ ಬಲದಿಂದ ಹೂಡಿದ ಮೊಕದ್ದಮೆ ಸೋತಿತ್ತು. ಹುದ್ದೆ ಬಿಟ್ಟ ಮೇಲೆ, ಕ್ರೆಮ್ಲಿನ್ ಕಳಿಸಿದ ದೂತನಾಗಿ ಆಡಿದ ಮಾತು ಗೆದ್ದಿತ್ತು. ಆ ಗೆಲುವಿನಲ್ಲಿ ಪಂಫಿಲೊವಾ ಅವರಿಗೆ ದಾಟಿಸಬಹುದಾದದ್ದು ಏನೂ ಇರಲಿಲ್ಲ.