ಸ್ಟಿಯರಿಂಗ್ ಲೂಸ್ ಆಗಿದೆಯೇ? ಒಂದು ಸ್ಕ್ರೂ ಬಿಗಿ ಮಾಡಿದರೆ ಸಾಕೇ?

"ಹಳೆ ಜೀಪಿನ ಸ್ಟಿಯರಿಂಗ್ ಪ್ಲೇ ಎರಡೇ ನಿಮಿಷದಲ್ಲಿ ಮಾಯ, ಈ ಸ್ಕ್ರೂ ತಿರುಗಿಸಿ ನೋಡಿ" ಎನ್ನುವ ಧಾಟಿಯ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಅಂಥ ಸ್ಕ್ರೂ ಇರುವುದು ನಿಜ. ಆದರೆ ಪ್ಲೇ ಬಹಳ ಸಲ ಹುಟ್ಟುವುದು ಬೇರೆ ಕಡೆ. ಕಟ್ಟಾಯ, ಗೊರೂರು ಸುತ್ತ ಹೇಮಾವತಿ ನಾಲೆಯ ಏರಿ ಮೇಲೆ ಆಲೂಗಡ್ಡೆ ಮೂಟೆ ಹೇರಿಕೊಂಡು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಸರಿಯಲು ಸಿಗುವುದು ಒಂದೆರಡು ಅಡಿ, ಆಚೆಗೆ ನೀರು.

ಎಷ್ಟು ಪ್ಲೇ ಇದ್ದರೆ ಹೆಚ್ಚು? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದಂತೆ ಅದು 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ. ಅಡ್ಡಳತೆ 40 ಸೆಂ.ಮೀ. ಇರುವ ಚಕ್ರದ ಅಂಚಿನಲ್ಲಿ ಅದು ಸುಮಾರು 10 ಸೆಂ.ಮೀ. ಆಗುತ್ತದೆ. ಇದು ಕಾನೂನಿನ ಕೊನೆ ಗೆರೆ ಅಷ್ಟೇ. ಕಾರಿನ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದು 30 ಮಿ.ಮೀ. ಆಸುಪಾಸು. ಎರಡರಲ್ಲೂ 30 ಇದೆ ಎಂದು ಗೊಂದಲ ಬೇಡ.

ಈಗ ಆ ಸ್ಕ್ರೂ ವಿಚಾರ. ಹಳೆ ಜೀಪು, ಲಾರಿಗಳ ಸ್ಟಿಯರಿಂಗ್ ಬಾಕ್ಸ್ ಮೇಲೆ ಅದು ಇರುತ್ತದೆ. ನಾವು ಹೆಚ್ಚು ಹೊತ್ತು ಗಾಡಿ ಓಡಿಸುವುದು ನೇರವಾಗಿ. ಹಾಗಾಗಿ ಒಳಗಿನ ಹಲ್ಲುಗಳು ನಡುಭಾಗದಲ್ಲಿ ಸವೆಯುತ್ತವೆ, ತುದಿಗಳು ಹೊಸದರಂತೆಯೇ ಉಳಿಯುತ್ತವೆ. ನಡುವಿನ ಪ್ಲೇ ಹೋಗುವಷ್ಟು ಬಿಗಿ ಮಾಡಿದರೆ ತಿರುವಿನಲ್ಲಿ ಹಲ್ಲು ಕಚ್ಚಿಕೊಂಡು, ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಲೂಸ್ ಇದ್ದದ್ದಕ್ಕಿಂತ ಇದು ಅಪಾಯ. ಬಾಕ್ಸಿನಲ್ಲೇ ಪ್ಲೇ ಇದೆ ಎಂದು ಖಚಿತವಾದರೆ ಮಾತ್ರ ಚಕ್ರ ನೇರವಿಟ್ಟು, ಲಾಕ್ ನಟ್ ಸಡಿಲಿಸಿ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಎರಡೂ ತುದಿಯವರೆಗೆ ತಿರುಗಿಸಿ ನೋಡಿ, ಎಲ್ಲಾದರೂ ಬಿಗಿ ಅನಿಸಿದರೆ ಹಿಂದಕ್ಕೆ ತನ್ನಿ. ಮಾರುತಿ 800, ಓಮ್ನಿ ಇರುವವರಿಗೆ ಈ ವಿಡಿಯೋ ಅನ್ವಯಿಸುವುದೇ ಇಲ್ಲ. ಅವುಗಳಲ್ಲಿರುವುದು ಬಾಕ್ಸ್ ಅಲ್ಲ, ರ‍್ಯಾಕ್.

ಪ್ಲೇ ಎಲ್ಲಿದೆ ಎಂದು ಹುಡುಕಲು ದುಡ್ಡು ಬೇಡ, ಒಬ್ಬ ಜೊತೆಗಾರ ಸಾಕು. ಗಾಡಿಯನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ. ಅವರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪವೇ ಅಲುಗಿಸುತ್ತಿರಲಿ. ನೀವು ಕೆಳಗೆ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ಬನ್ನಿ. ಒಂದು ಬದಿ ಅಲುಗಿ ಇನ್ನೊಂದು ಬದಿ ಸುಮ್ಮನಿದ್ದರೆ, ಸವೆದಿರುವುದು ಅದೇ ಕೀಲು. ಇಡೀ ಬಾಕ್ಸೇ ಚಾಸಿಯ ಮೇಲೆ ಕದಲುತ್ತಿದ್ದರೆ ಬೋಲ್ಟ್ ಸಡಿಲವಾಗಿದೆ. ಅದನ್ನು ಬಿಗಿ ಮಾಡುವುದು ಮನೆಯಲ್ಲೇ ಆಗುವ ಕೆಲಸ, ಆದರೆ ಅಲ್ಲಿ ಚಾಸಿ ಬಿರುಕು ಬಿಟ್ಟಿದೆಯೇ ಎಂದೂ ನೋಡಿ.

ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಚಕ್ರದ ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸದ್ದು ಬಂದರೆ ಟೈ ರಾಡ್ ಕಡೆಯ ಸವೆತ. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್, ಬಾಲ್ ಜಾಯಿಂಟ್. ಜೊತೆಗಾರ ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಅದು ಬೇರಿಂಗ್.

ಸವೆದ ಟೈ ರಾಡ್ ಎಂಡ್‌ಗೆ ಗ್ರೀಸ್ ತುಂಬಿದರೆ ನಾಲ್ಕು ದಿನ ಸದ್ದು ಅಡಗುತ್ತದೆ, ಸವೆತ ಹೋಗುವುದಿಲ್ಲ. ಅದು ಬಟ್ಟಲಿನಿಂದ ಕಳಚಿದರೆ ಸ್ಟಿಯರಿಂಗ್ ತಿರುಗಿಸಿದರೂ ಆ ಚಕ್ರ ಕೇಳುವುದಿಲ್ಲ. ವೆಲ್ಡಿಂಗ್ ಮಾತಂತೂ ಬೇಡ, ಬದಲಾಯಿಸುವುದೊಂದೇ ದಾರಿ. ಕೀಲಿನ ರಬ್ಬರ್ ಟೋಪಿ ಹರಿದಿರಬಾರದು, ಬೋಲ್ಟು ಪಿನ್ನುಗಳು ಲಾಕ್ ಆಗಿರಬೇಕು ಎಂದೂ ಅದೇ 98ನೇ ನಿಯಮ ಹೇಳುತ್ತದೆ. ಹಾಗಾಗಿ ಹಳೆ ಕಾಟರ್ ಪಿನ್ ಮತ್ತೆ ಬಳಸಬೇಡಿ, ಹೊಸದನ್ನೇ ಹಾಕಿ.

ಹಳೆ ಎಂಡ್ ಬಿಚ್ಚುವಾಗ ಎಷ್ಟು ಸುತ್ತಿಗೆ ಬಂತು ಎಂದು ಎಣಿಸಿಟ್ಟು, ಹೊಸದನ್ನೂ ಅಷ್ಟೇ ಸುತ್ತು ಕೂರಿಸಿ. ಹಾಸನಕ್ಕೋ ಹೊಳೆನರಸೀಪುರಕ್ಕೋ ಅಲೈನ್‌ಮೆಂಟ್ ಮಾಡಿಸಲು ಹೋಗುವ ತನಕ ಗಾಡಿ ಒಂದು ಕಡೆಗೆ ಎಳೆಯದೆ ಓಡಲು ಅಷ್ಟು ಸಾಕು.