ಹಸುರಿನೊಳಗಣ ಚರಿತ್ರೆ

ಮಲೆನಾಡನ್ನು ಬಣ್ಣಿಸಹೊರಟವರೆಲ್ಲ 'ಎಲ್ಲಿ ನೋಡಿದರೂ ಹಸುರು' ಎಂದು ಹೇಳಿ ಮುಂದೆ ಸಾಗುತ್ತಾರೆ. ಕಾಲೇಜಿನ ಹುಡುಗರ ಪ್ರಬಂಧಗಳಲ್ಲಿ ಈ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ವಾಕ್ಯವೇನೋ ಸುಳ್ಳಲ್ಲ. ಆದರೆ ಭಾದ್ರಪದದಲ್ಲಿ ಮಳೆ ಹೊಳವಾದ ಒಂದು ದಿನ ಸೊರಬದ ಸೀಮೆಯಲ್ಲೋ ಸಿದ್ದಾಪುರದ ಸೀಮೆಯಲ್ಲೋ ಗುಡ್ಡವೊಂದನ್ನು ಏರಿ ನೋಡಿದರೆ ಆ ಒಂದು ಹಸುರು ಐದಾರಾಗಿ ಒಡೆಯುತ್ತದೆ. ತಗ್ಗಿನಲ್ಲಿ ಬತ್ತದ ಗದ್ದೆಗಳ ಎಳೆಹಸುರು. ಕಣಿವೆಯಲ್ಲಿ ಅಡಕೆ ತೋಟದ ಮಿರುಗುವ ಹಸುರು. ಅದರ ಮೇಲೆ ಸೊಪ್ಪಿನ ಬೆಟ್ಟದ, ಹಳದಿ ಬೆರೆತ ಹಸುರು. ಬೇಣದ ಹುಲ್ಲಿನ ತೆಳುಹಸುರು. ನಡುನಡುವೆ ಮಸಿ ಚೆಲ್ಲಿದಂತೆ ಕಾನಿನ ಕಪ್ಪುಹಸುರು. ಇದೆಲ್ಲ ಪ್ರಕೃತಿಯೊಂದರದೇ ಕೈಕೆಲಸವೆಂದು ನಾನು ಒಪ್ಪಲಾರೆ. ಒಂದೊಂದು ಛಾಯೆಯ ಹಿಂದೆಯೂ ಮನುಷ್ಯನ ಕತ್ತಿಯಿದೆ, ಕಂದಾಯವಿದೆ, ಕಾಯಿದೆಯಿದೆ.

ಇಷ್ಟು ಬಗೆಯ ಹಸುರಿಗೆ ಕನ್ನಡದಲ್ಲಿ ಹೆಸರುಗಳುಂಟೆ? ಹಳಗನ್ನಡದ 'ಪಸುರ್' ಮುಂದೆ 'ಹಸುರು' ಆಯಿತು. ಪಚ್ಚೆ, ಪಾಚಿ, ಹಸಿ ಎಲ್ಲವೂ ಅದರ ಬಳಗದವೇ. ಒಣಗದಿರುವುದು, ಬೇಯದಿರುವುದು ಎಂಬ ಅರ್ಥ ಆ ಬಳಗದಲ್ಲಿ ಬಣ್ಣದ ಜೊತೆಗೇ ಬೆರೆತಿದೆ. ಛಾಯೆಗಳನ್ನು ಬೇರ್ಪಡಿಸಬೇಕಾದಾಗ ಮಲೆನಾಡಿನ ರೈತ ನೆಲದ ಹೆಸರನ್ನೇ ಹೇಳಿದ: ಕಾನು, ಬೆಟ್ಟ, ಬೇಣ, ತೋಟ, ಗದ್ದೆ. ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂದೇ ಒಂದು ಕಾಡಿದೆ. ಚಿತ್ರಕಾರನಿಗೂ ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯಲಾರದು.

ಕಾನೆಂದರೆ ವರ್ಷವಿಡೀ ಎಲೆ ತುಂಬಿ ನಿಲ್ಲುವ ಮರಗಳ ದಟ್ಟ ಕಾಡು. ಅಲ್ಲಿ ಮುರುಗಲು, ಉಪ್ಪಾಗೆ, ಬೈನೆ, ದಾಲ್ಚಿನ್ನಿ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ 'ಮೆಣಸಿನ ರಾಣಿ' ಎಂದು ಕರೆದರಲ್ಲವೆ, ಆ ಮೆಣಸು ಬೆಳೆದದ್ದು ಘಟ್ಟದ ಇಂಥ ನೆರಳಿನಲ್ಲಿ. 1801ರಲ್ಲಿ ಕರಾವಳಿಯನ್ನು ಸುತ್ತಿದ ಬುಕಾನನ್, ಕಾಡು ಊರ ದೇವರ ಸ್ವತ್ತೆಂದೂ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಕೂಡದೆಂದೂ ಜನ ನಂಬಿದ್ದನ್ನು ಬರೆದಿಟ್ಟಿದ್ದಾನೆ. ಆ ದೇವರಿಗೆ ಗೌಡನೇ ಪೂಜಾರಿ. ಸರ್ಕಾರ ಹಕ್ಕು ಹೇಳದಂತೆ ಹೂಡಿದ ಉಪಾಯವಿದು ಎಂದು ಆತನ ಗುಮಾನಿ. ಗುಮಾನಿ ಪೂರ್ತಿ ನಿರಾಧಾರವೆಂದು ನಾನೂ ಹೇಳೆನು. ಉಪಾಯವಾದರೂ ಒಳ್ಳೆಯ ಉಪಾಯ!

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನ ಕಾನುಗಳ ಮೇಲೆ ವರದಿ ಬರೆದರು. ಆ ಒಂದು ತಾಲ್ಲೂಕಿನಲ್ಲೇ ನೂರಕ್ಕೆ ಮೇಲ್ಪಟ್ಟು ಕಾನುಗಳಿದ್ದವು. 1888ರಲ್ಲಿ ಉತ್ತರ ಕನ್ನಡದ ಅರಣ್ಯಾಧಿಕಾರಿ ವಿಂಗೇಟ್, ಕಾನಿದ್ದಲ್ಲಿ ಒರತೆಗಳೂ ಬತ್ತದ ಹಳ್ಳಗಳೂ ಇರುವುವು, ಬೆಲೆಬಾಳುವ ತೋಟಗಳು ಅದರ ಸಮೀಪದಲ್ಲೇ ಇರುವುವು ಎಂದು ಗುರುತಿಸಿದ. ಹೀಗೆ ಗುರುತಿಸಿದವರ ಸರ್ಕಾರವೇ ಕಾನಿನ ಮೇಲೆ ಊರಿಗಿದ್ದ ಹಿಡಿತವನ್ನು ಸಡಿಲಿಸಿತು. ಕಾಯುವವರಿಲ್ಲದ ಕಾನು ತೆಳ್ಳಗಾಗುತ್ತ ಬಂದು, ಕಪ್ಪಿನ ನಡುವೆ ಹಳದಿ ಇಣುಕಿತು.

ಸೊಪ್ಪಿನ ಬೆಟ್ಟದ ಹಳದಿಗೆ ಬೇರೆಯೇ ಕಾರಣ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆಯಿತು. ಮತ್ತಿ, ಹೊನ್ನೆ, ನಂದಿ ಮರಗಳ ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟ ಸೇರುವುದು. ಸವರಿದ ರೆಂಬೆ ಮತ್ತೆ ಚಿಗುರುವಾಗಿನ ಎಳಸು ಬಣ್ಣವದು. ತೋಟದ ಮಿರುಗು ಬೆಟ್ಟದಿಂದ ಪಡೆದ ಸಾಲವೆಂದರೂ ಸಲ್ಲುತ್ತದೆ.

ಇತ್ತೀಚೆಗೆ ಕೂಡಿದ ಛಾಯೆ ಅಕೇಶಿಯಾದ್ದು, ಬೂದಿ ಬೆರೆತ ಹಸುರು. ಆಸ್ಟ್ರೇಲಿಯಾ ಕಡೆಯ ಈ ಮರವನ್ನು 1980ರ ದಶಕದಿಂದೀಚೆಗೆ ಬೋಳುಗುಡ್ಡಗಳ ಮೇಲೆಯೂ ಬೇಣಗಳ ಮೇಲೆಯೂ ಧಾರಾಳವಾಗಿ ನೆಟ್ಟರು. ಶಿರಸಿಯ ಸಾಲ್ಕಣಿಯ ಕಡೆ ಜನ ಮರಗಳನ್ನಪ್ಪಿ ಕಾಡು ಕಡಿಯುವುದನ್ನು ತಡೆದದ್ದೂ ಅದೇ ದಶಕದಲ್ಲಿ, 1983ರಲ್ಲಿ. ಅಕೇಶಿಯಾದ ಎಲೆಯೆಂದು ನಾವು ಕರೆಯುವುದು ನಿಜವಾಗಿ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ದನ ಅದಕ್ಕೆ ಬಾಯಿ ಹಾಕದು.

ಫಾಲ್ಗುಣದಲ್ಲಿ ಮತ್ತಿ, ತೇಗ ಬೋಳಾಗಿ ನಿಂತಾಗ ಕಾನೂ ಅಕೇಶಿಯಾವೂ ಹಸುರಾಗಿಯೇ ಉಳಿಯುತ್ತವೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಎರಡೂ ಕಾಡೇ. ಇಳಿದು ನಡೆದರೆ ಒಂದರಲ್ಲಿ ಒಣತೊಟ್ಟುಗಳು ಕಾಲಡಿಯಲ್ಲಿ ಗರಗರ ಎನ್ನುತ್ತವೆ. ಇನ್ನೊಂದರಲ್ಲಿ ಕೊಳೆತ ತರಗು ಮೆತ್ತಗೆ ತಗ್ಗುತ್ತದೆ, ಅದರಡಿಯಿಂದ ಜಿನುಗಿದ ನೀರು ಕೆಳಗಿನ ತೋಟದ ಕಾಲುವೆಗೆ ಇಳಿಯುತ್ತಿರುತ್ತದೆ.